ಶೆಲ್ಲಾಕ್ ಹಚ್ಚಿದ ಕಾಗದ

ಹಳೆಯ ಎಂಜಿನ್ ಸ್ವಲ್ಪ ಸೋರಿದರೆ ಅದು ರೋಗವಲ್ಲ, ಸ್ವಭಾವ ಎಂದು ಮೊದಲೆಲ್ಲ ಗಿರಾಕಿಗಳಿಗೆ ತಿಳಿಸಿ ಹೇಳುತ್ತಿದ್ದೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಶೆಡ್ಡು. ಒಂದು ಕಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ ಕಡೆಯ ಸರ್ವಿಸ್ ಕಾರುಗಳೆಲ್ಲ ಅಂಬಾಸಡರ್‌ಗಳೇ. ಜನ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋಗುತ್ತಿದ್ದ ಆ ಗಾಡಿಗಳ ಕೆಳಗೆ ಮಲಗಿಯೇ ನನ್ನ ಬೆನ್ನು ಬಗ್ಗಿದ್ದು. ಈಗ ಬರುವುದು ಮದುವೆಗೆ ಹೂ ಸುತ್ತಿ ಬಾಡಿಗೆಗೆ ಬಿಡುವ ನಾಲ್ಕಾರು ಕಾರು, ಮತ್ತೆ ಬಿಡಲು ಮನಸ್ಸು ಬಾರದೆ ಇಟ್ಟುಕೊಂಡವರದು.

ನನ್ನ ಸಿಟ್ಟು ಈ ಕಡೆಯಲ್ಲಿ ಎಲ್ಲರಿಗೂ ಗೊತ್ತು. ಹೆಚ್ಚಿನ ಸಲ ಅದು ಏರುವುದು ಅಂಟಿನ ವಿಷಯಕ್ಕೆ. ಎರಡು ಲೋಹದ ನಡುವೆ ಇಡುವ ಗ್ಯಾಸ್ಕೆಟಿಗೆ ಯಾವುದನ್ನು ಹಚ್ಚಬೇಕು, ಯಾವುದನ್ನು ಹಚ್ಚಬಾರದು ಎನ್ನುವುದು ಕೈಗೆ ಬರಲು ವರ್ಷಗಳು ಬೇಕು. ಮೇಲಿನ ಟ್ಯಾಪೆಟ್ ಕವರಿನ ಕಾರ್ಕಿಗೆ ಒಂದೇ ಬದಿ ಅಂಟು. ಇನ್ನೊಂದು ಬದಿಗೆ ಬರೀ ಗ್ರೀಸು, ಯಾಕೆಂದರೆ ಆ ಮುಚ್ಚಳವನ್ನು ನಾಳೆ ಮತ್ತೆ ತೆಗೆಯಲಿಕ್ಕುಂಟು. ಪೆಟ್ರೋಲು ತಾಗುವ ಜಾಗದ ಹತ್ತಿರ ಟ್ಯೂಬಿನ ಸಿಲಿಕಾನ್ ಸುಳಿಯಲೇ ಬಾರದು. ಅದು ಪೆಟ್ರೋಲು ಕುಡಿದು ಊದಿಕೊಂಡು ಕಳಚಿ ಬರುತ್ತದೆ. ಅದಕ್ಕಿಂತ ಬಟ್ಟೆ ಒಗೆಯುವ ಸಾಬೂನು ಎಷ್ಟೋ ವಾಸಿ. ನೀರಿನ ಹೋಸಿಗೆ ಅಂಟೇ ಬೇಡ. ಕೊಳವೆಯ ಬಾಯಿಯ ತುಕ್ಕು ಉಜ್ಜಿ ತೆಗೆದು, ಹೊಸ ಹೋಸು ತುರುಕಿ, ಕ್ಲಿಪ್ ಬಿಗಿದು, ಎಂಜಿನ್ ಒಮ್ಮೆ ಬಿಸಿಯಾಗಿ ತಣಿದ ಮೇಲೆ ಇನ್ನರ್ಧ ಸುತ್ತು ಬಿಗಿದರೆ ಮುಗಿಯಿತು. ಅಲ್ಲಿ ಅಂಟು ಮೆತ್ತುವವರು ತುಕ್ಕು ಉಜ್ಜಲು ಉದಾಸೀನದವರು.

ನೀರು ಹರಿಯುವ ಕಡೆ ಕಾಗದದ ಗ್ಯಾಸ್ಕೆಟ್ ಇಡುವುದಾದರೆ ನನ್ನದು ಶೆಲ್ಲಾಕ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಕಂದು ದ್ರವ. ಬಡಗಿಗಳು ಪಾಲಿಶಿಗೆ ಬಳಸುವುದೂ ಅದನ್ನೇ. ಕಾಗದಕ್ಕೆ ಹಚ್ಚಿದರೆ ಸುರುಳಿ ಸುತ್ತುತ್ತದೆಂದು ನಾನು ಅದನ್ನು ಎರಡೂ ಬದಿಯ ಲೋಹಕ್ಕೆ ಹಚ್ಚಿ, ನಡುವೆ ಕಾಗದ ಇಟ್ಟು ಬಿಗಿಯುತ್ತೇನೆ. ಒಮ್ಮೆ ಹಿಡಿಯಿತೆಂದರೆ ಅದು ಬಿಡುವ ಮಾತೇ ಇಲ್ಲ.

ಕಾಗದ ಎಂದೆನಲ್ಲ, ಅದು ಹೆಚ್ಚಾಗಿ ಮದುವೆ ಕಾಗದ. ನಮ್ಮ ಕಡೆ ಆಮಂತ್ರಣ ಪತ್ರಿಕೆಗೆ ಕಾಗದ ಎಂದೇ ಹೆಸರು. ಈಗಿನವಂತೂ ರಟ್ಟಿನ ಮಿಠಾಯಿ ಡಬ್ಬಿಯ ಮುಚ್ಚಳದಷ್ಟು ಗಟ್ಟಿ ಇರುತ್ತವೆ. ಹಳೆಯ ಎಂಜಿನಿಗೆ ಸಿದ್ಧ ಗ್ಯಾಸ್ಕೆಟ್ ಸಿಗದಿದ್ದಾಗ ಅಂಥ ಒಂದು ಕಾಗದವನ್ನು ಲೋಹದ ಬಾಯಿಯ ಮೇಲಿಟ್ಟು ಸುತ್ತಿಗೆಯ ಗುಂಡು ಬದಿಯಿಂದ ಅಂಚಿನುದ್ದಕ್ಕೆ ಮೆಲ್ಲ ತಟ್ಟುತ್ತ ಹೋದರೆ ಅದು ತಾನಾಗಿ ಆ ಆಕಾರಕ್ಕೆ ಕತ್ತರಿಸಿಕೊಳ್ಳುತ್ತದೆ. ನನ್ನ ಗುರುಗಳೂ ಹಾಗೇ ಮಾಡುತ್ತಿದ್ದರು. ಊಟ ಮುಗಿದ ಎಲ್ಲ ಮದುವೆಗಳ ಕಾಗದಗಳೂ ನನ್ನ ಶೆಡ್ಡಿನ ಒಂದು ತಗಡಿನ ಪೆಟ್ಟಿಗೆಯಲ್ಲಿರುತ್ತವೆ.

ಈ ಪೆಟ್ಟಿಗೆಯನ್ನು ಹೆಚ್ಚು ತಮಾಷೆ ಮಾಡುತ್ತಿದ್ದವನು ನನ್ನ ಗೆಳೆಯ. ವೇಣೂರಿನಲ್ಲಿ ಬಸ್ಸು ನಿಲ್ಲುವಲ್ಲಿ ಅವನದೊಂದು ಹೋಟೆಲು. ಮನೆ ಅಳದಂಗಡಿಯ ಹತ್ತಿರ. ಅವನ ಬಿಳಿ ಅಂಬಾಸಡರ್ ಇಪ್ಪತ್ತು ವರ್ಷದಿಂದ ನನ್ನ ಕೈಯಲ್ಲೇ ಇತ್ತು. ಮಧ್ಯಾಹ್ನ ಹೋಟೆಲಿಗೆ ಜನ ಕಡಿಮೆಯಾದಾಗ ಪೇಪರಿನಲ್ಲಿ ನಾಲ್ಕು ಬನ್ಸ್ ಕಟ್ಟಿಕೊಂಡು ಬರುತ್ತಿದ್ದ. ಮಗುಚಿ ಹಾಕಿದ ಎಣ್ಣೆ ಡಬ್ಬದ ಮೇಲೆ ಕೂತು, "ಇವತ್ತು ಯಾರ ಮದುವೆಯನ್ನು ಎಂಜಿನಿಗೆ ಹಾಕ್ತಿ ಮಾರಾಯ?" ಎಂದು ಕೇಳುತ್ತಿದ್ದ. ನಾನು ಬ್ಯಾರಿ ಮುಸಲ್ಮಾನ, ಅವನು ಬೇರೆ ಜಾತಿ; ನಮ್ಮಿಬ್ಬರ ಮಾತು ತುಳುವಿನಲ್ಲಿ, ಬೈಗುಳವೂ ತುಳುವಿನಲ್ಲೇ. ಅವನು ಬರೆಯಬೇಕಾಗಿ ಬಂದರೆ ಮಾತ್ರ ಶಾಲೆಯ ಕನ್ನಡ, ಅದೂ ಸರಕಾರಿ ನೋಟಿಸಿನ ಹಾಗೆ.

ಜಗಳ ಆದದ್ದು ಒಂದು ಟ್ಯೂಬಿನಿಂದ. ಒಂದು ಭಾನುವಾರ ಅವನು ಮೊಬೈಲಿನಲ್ಲಿ ವಿಡಿಯೋ ನೋಡಿ, ಬಂಟ್ವಾಳದ ಸ್ಪೇರ್ ಅಂಗಡಿಯಿಂದ ಸಿಲಿಕಾನ್ ತಂದು, ತಾನೇ ಸಂಪಿನ, ಅಂದರೆ ಎಂಜಿನಿನಡಿಯ ಎಣ್ಣೆ ತೊಟ್ಟಿಯ ಗ್ಯಾಸ್ಕೆಟ್ಟು, ನೀರಿನ ಹೋಸು ಎಲ್ಲವನ್ನೂ ಮಾಡಿದ್ದ. ಮರುದಿನ ಕಾರು ತಂದು ನಿಲ್ಲಿಸಿ, ಕೆಳಗೆ ಬಿಳಿ ಪೇಪರು ಹಾಸಿ, "ನೋಡು, ಒಂದು ಹನಿ ಬೀಳುವುದಿಲ್ಲ. ನಿನಗೆ ಇಪ್ಪತ್ತು ವರ್ಷದಲ್ಲಿ ಆಗಲಿಲ್ಲ" ಎಂದ. ಮುಖದಲ್ಲಿ ಮಕ್ಕಳ ಖುಷಿ ಇತ್ತು. ನಿಜಕ್ಕೂ ಒಂದು ಹನಿ ಬೀಳಲಿಲ್ಲ. ನನಗೆ ಉರಿದದ್ದು ಅದಕ್ಕೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಶೆಡ್ಡಿನಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ನಾನು ಹೋಸಿನ ಸಂದಿಯಿಂದ ಹೊರಗೆ ಉಬ್ಬಿದ್ದ ಸಿಲಿಕಾನನ್ನು ಉಗುರಿನಿಂದ ಎಬ್ಬಿಸಿ ಗೇಣುದ್ದ ಎಳೆದೆ. "ಇದು ಎಂಜಿನಾ, ಬಚ್ಚಲಾ? ಹೊರಗೆ ಇಷ್ಟು ಬಂದರೆ ಒಳಗೆ ಎಷ್ಟು ಹೋಗಿದೆ ಗೊತ್ತುಂಟಾ? ನಿನ್ನ ಹೋಟೆಲಿನ ದೋಸೆಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚಿದ್ದೀ. ಕಾರನ್ನು ಗುಜರಿಗೆ ಹಾಕು, ನಿನ್ನಂಥವನಿಗೆ ಯಾಕೆ ಇದು!" ಎಂದು ಕೂಗಿದೆ.

ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಳಗೆ ಹೋದ ಸಿಲಿಕಾನ್ ತುಂಡಾಗಿ ರೇಡಿಯೇಟರಿನ ದಾರಿ ಕಟ್ಟುತ್ತದೆ, ಎಣ್ಣೆ ಎಳೆಯುವ ಜಾಲರಿ ಕಟ್ಟುತ್ತದೆ, ಎಂಜಿನ್ ಹಿಡಿದುಕೊಂಡು ನಿಂತೇ ಹೋಗುತ್ತದೆ. ಆದರೆ ಹೇಳಿದ ರೀತಿ ಮನುಷ್ಯರಿಗೆ ಹೇಳುವುದಾಗಿರಲಿಲ್ಲ. ಅವನು ಬಾನೆಟ್ ಮುಚ್ಚಿದ, ಹಾಸಿದ್ದ ಪೇಪರನ್ನು ಮಡಚಿ ಕಿಸೆಗೆ ಹಾಕಿಕೊಂಡ, ಹೊರಟುಹೋದ. ವಾರದಲ್ಲಿ ಬರುತ್ತಾನೆ ಎಂದುಕೊಂಡೆ. ವಾರ ಕಳೆಯಿತು, ತಿಂಗಳು ಕಳೆಯಿತು. ನಾನಾಗಿ ಹೋಗಬಹುದಿತ್ತು. ವೇಣೂರಿಗೆ ನನ್ನ ಶೆಡ್ಡಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬೆಳ್ತಂಗಡಿ ಕಡೆಯಿಂದ ಬಂದ ಬಸ್ಸು ಶೆಡ್ಡಿನ ಮುಂದೆ ನಿಧಾನ ಮಾಡಿತು. ಕಂಡಕ್ಟರ್ ಬಾಗಿಲಿನಿಂದ ಕೈ ಚಾಚಿ, "ನಿಮ್ಮ ಹೋಟೆಲಿನವರು ಕೊಟ್ಟದ್ದು, ಅವರ ಅಕ್ಕನ ಮಗಳ ಮದುವೆಯಂತೆ" ಎಂದು ಒಂದು ಕವರನ್ನು ನನ್ನ ಕೈಗೆ ಹಾಕಿದ. ಬಸ್ಸು ಹೋಯಿತು.

ನಮ್ಮ ಊರಿನ ಕ್ರಮ ಗೊತ್ತಿಲ್ಲದವರಿಗೆ ಇದರಲ್ಲಿ ಏನು ದೊಡ್ಡದು ಅನ್ನಿಸೀತು. ಇಲ್ಲಿ ಮದುವೆಗೆ 'ಹೇಳಿಕೆ' ಎಂದರೆ ಮನೆಯವರೇ ಮನೆಗೆ ಬಂದು, ಕೂತು, ಬಾಯಿಬಿಟ್ಟು ಹೇಳಬೇಕು. ಕಾಗದ ಅದರ ಜೊತೆಗೆ ಕೊಡುವ ಒಂದು ಸಾಕ್ಷಿ, ಅಷ್ಟೆ. ಬರೀ ಕಾಗದ ಕಳಿಸಿದರೆ ಬರಬೇಡ ಎಂದು ಹೇಳಿದ ಹಾಗೆ. ನಮ್ಮಲ್ಲೂ ಹಾಗೆಯೇ, ಅವರಲ್ಲೂ ಹಾಗೆಯೇ. ನನ್ನ ಮಗಳ ನಿಕಾಹಿಗೆ ಹೇಳಲು ನಾನು ಅವನ ಮನೆಗೆ ಎರಡು ಸಲ ಹೋಗಿದ್ದೆ. ಮೊದಲ ಸಲ ಅವನು ಇರಲಿಲ್ಲ. ಬಾಗಿಲಲ್ಲಿ ಕಾಗದ ಬಿಟ್ಟು ಬಂದರೆ ಮರ್ಯಾದೆ ಅಲ್ಲವೆಂದು ಮರುದಿನ ಮತ್ತೆ ಹೋಗಿದ್ದೆ. ಅಂಥ ನನಗೆ ಅವನು ಬಸ್ಸಿನಲ್ಲಿ ಕಾಗದ ಕಳಿಸಿದ್ದ. ಕವರಿನಿಂದ ಎಳೆದೆ. ಮೇಲೆ ಗಣಪತಿಯ ಚಿತ್ರ, ಚಿನ್ನದ ಬಣ್ಣದ ಅಂಚು. ಬಿಡಿಸಲೂ ಇಲ್ಲ, ಹಾಗೇ ತಗಡಿನ ಪೆಟ್ಟಿಗೆಗೆ ಎಸೆದೆ. ಕವರನ್ನು ಚೂರು ಚೂರು ಮಾಡಿ ಕಸಕ್ಕೆ ಹಾಕಿದೆ. ಮದುವೆಯ ದಿನ ಬೇಕೆಂದೇ ಬಂಟ್ವಾಳಕ್ಕೆ ಹೋಗಿ ಸ್ಪೇರ್ ಅಂಗಡಿಯಲ್ಲಿ ಕೂತೆ.

ಅದಾಗಿ ಎರಡೂವರೆ ತಿಂಗಳಿಗೆ ಅವನು ಸತ್ತ. ನನಗೆ ಗೊತ್ತಾದದ್ದು ಯಾರದೋ ಮೊಬೈಲಿನ ಸ್ಟೇಟಸಿನಲ್ಲಿ ಅವನ ಫೋಟೋ ನೋಡಿ. ಕಿಡ್ನಿ ಕೆಟ್ಟಿತ್ತಂತೆ, ವರ್ಷದಿಂದ ಇತ್ತಂತೆ. ನಾನು ಓಡಿ ತಲುಪುವಾಗ ಮಣ್ಣು ಮಾಡಿ ಆಗಿತ್ತು. ಅಂಗಳದ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತೆ. ಯಾರೂ ಮಾತಾಡಿಸಲಿಲ್ಲ, ನಾನೂ ಜಗಲಿ ಹತ್ತಲಿಲ್ಲ. ಆಮೇಲೆ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ನನಗೆ ಹೇಳಿಕೆ ಬರಲಿಲ್ಲ. ಹೇಳದ ಕಡೆಗೆ ಹೋಗುವುದು ಹೇಗೆ ಎಂದು ನಾನೂ ಸುಮ್ಮನಿದ್ದೆ. ಆದರೆ ಒಂದು ಪ್ರಶ್ನೆ ಎದೆಯಲ್ಲಿ ಕಡಿಯುತ್ತಲೇ ಇತ್ತು. ಅವನು ನನ್ನ ಮೇಲೆ ಕೋಪ ಇಟ್ಟುಕೊಂಡೇ ಹೋದನಾ? ಒಂದು ಟ್ಯೂಬು ಸಿಲಿಕಾನಿಗಾಗಿ? ಕೆಲಸ ಮಾಡುವಾಗ, ನಮಾಜಿಗೆ ಕೂತಾಗ, ಊಟಕ್ಕೆ ಕೂತಾಗ ಅದೇ. ಕೇಳಲು ಧೈರ್ಯ ಇರಲಿಲ್ಲ, ಕೇಳದೆ ಇರಲೂ ಆಗುತ್ತಿರಲಿಲ್ಲ.

ಅವನು ಹೋಗಿ ಆರು ತಿಂಗಳಾದಾಗ ಬಿಳಿ ಅಂಬಾಸಡರನ್ನು ಒಂದು ಪಿಕಪ್ಪು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಪಿಕಪ್ಪಿನಿಂದ ಅವನ ಹೆಂಡತಿ ಇಳಿದರು. ಹೋಟೆಲನ್ನು ಈಗ ಅವರೇ ನಡೆಸುವುದು. "ಅಣ್ಣ, ಇದನ್ನು ಮಾರ್ತೇನೆ" ಎಂದರು. "ಉಜಿರೆಯವರು ಒಬ್ಬರು ಮದುವೆ ಬಾಡಿಗೆಗೆ ತಗೊಳ್ತಾರೆ. ಈಗ ಸ್ವಲ್ಪ ಓಡಿದ್ರೂ ಬಿಸಿ ಆಗ್ತದೆ. ಸೋರಬಾರದು, ಬಿಸಿ ಆಗಬಾರದು ಅಂತ ಹೇಳಿದ್ದಾರೆ. ಈ ಎಂಜಿನಿಗೆ ಬೇರೆ ಯಾರೂ ಇಲ್ಲಂತೆ, ನಿಮ್ಮಲ್ಲಿಗೇ ತಗೊಂಡು ಹೋಗಿ ಅಂದ್ರು. ನಾಡಿದ್ದು ಮಧ್ಯಾಹ್ನ ಅವರು ಇಲ್ಲಿಗೇ ಬರ್ತಾರೆ." ತಾವಾಗಿ ನನ್ನಲ್ಲಿಗೆ ಬಂದದ್ದಲ್ಲ ಎಂದು ಸ್ಪಷ್ಟವಾಗಿ ತಿಳಿಯುವ ಹಾಗೆ ಹೇಳಿದರು. ಕೂರಿ ಎಂದೆ, ಕೂರಲಿಲ್ಲ.

ಎರಡು ದಿನ ಆ ಎಂಜಿನನ್ನು ಬಿಚ್ಚಿದೆ. ಒಳಗೆಲ್ಲ ಅವನೇ ಇದ್ದ. ಹೋಸಿನ ಬಾಯಿಯಲ್ಲಿ, ಸಂಪಿನ ಅಂಚಿನಲ್ಲಿ ಬೂದು ಬಣ್ಣದ ಸಿಲಿಕಾನ್. ಕೆಲವು ಕಡೆ ಅವನು ಬೆರಳಿನಿಂದ ಸವರಿದ ಗುರುತು ಗಟ್ಟಿಯಾಗಿ ನಿಂತಿತ್ತು, ಬೆರಳ ಗೆರೆ ಸಮೇತ. ಒಂದೊಂದನ್ನೇ ಬ್ಲೇಡಿನಿಂದ ಎಬ್ಬಿಸಿದೆ. ಮೊದಲು ಸಿಟ್ಟೇ ಬಂತು, ಸತ್ತವನ ಮೇಲೂ ಸಿಟ್ಟು ಬರುತ್ತದೆ ನನಗೆ. ಆಮೇಲೆ ಎಣ್ಣೆಯ ಜಾಲರಿ ನೋಡಿದೆ. ಒಂದೆರಡು ಎಳೆ ಬಿಟ್ಟರೆ ಅದು ಶುಚಿಯಾಗಿಯೇ ಇತ್ತು. ನಾನು ಕೂಗಿ ಹೇಳಿದಷ್ಟು ಹಾಳು ಅವನು ಮಾಡಿರಲಿಲ್ಲ. ಬಿಸಿಯಾಗುತ್ತಿದ್ದದ್ದು ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆರೆಯದೆ ಹಿಡಿದುಕೊಂಡದ್ದರಿಂದ. ಅದಕ್ಕೂ ಸಿಲಿಕಾನಿಗೂ ಸಂಬಂಧ ಇರಲಿಲ್ಲ.

ಹೇಳಿದ ದಿನ ಬೆಳಿಗ್ಗೆ ಉಳಿದದ್ದು ಆ ಥರ್ಮೋಸ್ಟಾಟ್ ಕೂರುವ ಗೂಡಿನ ಮುಚ್ಚಳ ಮಾತ್ರ. ಪೆಟ್ಟಿಗೆಗೆ ಕೈ ಹಾಕಿ ಗಟ್ಟಿ ಇದ್ದ ಒಂದು ಕಾಗದ ಎಳೆದೆ. ಎಲ್ಲದರ ಮೇಲೂ ಗಣಪತಿ, ಎಲ್ಲದಕ್ಕೂ ಚಿನ್ನದ ಅಂಚು. ಯಾರದೆಂದು ನೋಡುವ ಅಭ್ಯಾಸ ನನಗಿಲ್ಲ. ಹಿಂದಿನ ಹಾಳೆಯನ್ನು ಮಡಿಕೆಯಲ್ಲಿ ಹರಿದು, ಖಾಲಿ ಬದಿ ಮೇಲೆ ಬರುವಂತೆ ಇಟ್ಟು ಸುತ್ತಿಗೆಯಿಂದ ತಟ್ಟಿದೆ. ನಡುವಿನ ಗುಂಡು ತುಂಡು ಉದುರಿತು, ಸುತ್ತಲಿನ ಅಂಚು ಕಳಚಿತು. ಬಳೆಯಂಥದ್ದನ್ನು ಎತ್ತಿದಾಗ ಅಡಿಭಾಗ ಎಣ್ಣೆಯ ಕಪ್ಪು ಹಿಡಿದಿತ್ತು. ಶೆಲ್ಲಾಕ್ ಹಚ್ಚಿದ್ದ ಲೋಹದ ಮೇಲೆ ಅದನ್ನು ಕೂರಿಸಿ, ಮುಚ್ಚಳ ಇಟ್ಟು, ಮೂರೂ ನಟ್ಟು ಬಿಗಿದೆ.

ಅವನ ಹೆಂಡತಿ ಹನ್ನೊಂದು ಗಂಟೆಗೇ ಬಂದರು. ನಾನು ರೇಡಿಯೇಟರಿಗೆ ನೀರು ಹೊಯ್ಯಲು ತಯಾರಾಗುತ್ತಿದ್ದೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು, ಬಗ್ಗಿ ನೆಲದಿಂದ ಏನನ್ನೋ ಎತ್ತಿಕೊಂಡರು. ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ, "ಇದು ಅವರ ಅಕ್ಷರ" ಎಂದರು.

ನಾನು ಗಿಂಡಿ ಕೆಳಗಿಟ್ಟು ಹೋಗಿ ನೋಡಿದೆ. ಕಾಗದದ ಸುತ್ತಲಿನ ಅಂಚು. ಒಳಬದಿಯಲ್ಲಿ ನೀಲಿ ಬಾಲ್‌ಪೆನ್ನಿನ ಬರವಣಿಗೆ. ಮೇಲಿನ ಸಾಲು ಇಡೀ ಇತ್ತು: 'ಹೇಳಿಕೆಗೆ ನಾನೇ ಬರತಕ್ಕದ್ದು. ಕಾಲಿಗೆ ನೀರು ತುಂಬಿ ಕಾರು ಬಿಡಲು, ಬಸ್ಸು ಹತ್ತಲು ಆಗುವುದಿಲ್ಲ.' ಅದರ ಕೆಳಗೆ 'ನೀನು ಅವತ್ತು' ಎಂದಿತ್ತು, ಅಲ್ಲಿಗೆ ಸುತ್ತಿಗೆ ಕಡಿದಿತ್ತು. ತೀರ ಕೆಳಗೆ, ಬಲಬದಿಯಲ್ಲಿ, 'ಎಂದು ಹೇಳಲಿಕ್ಕೆ ಉಂಟು. ಒಮ್ಮೆ ಬಾ.' ನಡುವಿನದ್ದು ಇರಲಿಲ್ಲ.

ಕೂತು ನೆಲವೆಲ್ಲ ತಡಕಿದೆ. ಗುಂಡು ತುಂಡು ನನ್ನ ಚಪ್ಪಲಿಯ ಕೆಳಗೇ ಇತ್ತು, ನಾನೇ ತುಳಿದು ಉಜ್ಜಿದ್ದೆ. ಒರಸಿ ಬೆಳಕಿಗೆ ಹಿಡಿದೆ. ಓದಲು ಸಿಕ್ಕಿದ್ದು ಒಂದೇ ಪದ: 'ಬೈದದ್ದು'. ಬೈದದ್ದು ಸರಿ ಎಂದೋ, ಬೈದದ್ದು ಮರೆಯುವುದಿಲ್ಲ ಎಂದೋ. ಅದರ ಮುಂದಿನದು ಬಳೆಯ ಮೇಲಿತ್ತು, ಬಳೆ ಎಂಜಿನಿನಲ್ಲಿತ್ತು.

"ಉಳಿದದ್ದು ಎಲ್ಲಿ?" ಎಂದು ಅವರು ಕೇಳಿದರು. ನಾನು ಬೆರಳು ತೋರಿಸಿದೆ. "ತೆಗೆದು ಕೊಡಿ" ಎಂದರು. ಅಷ್ಟೇ ಹೇಳಿದರು, ದನಿ ಎತ್ತರಿಸಲಿಲ್ಲ.

ನಟ್ಟು ಬಿಚ್ಚಿದೆ. ಮುಚ್ಚಳ ಅಲುಗಲಿಲ್ಲ. ಮರದ ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿದ ಮೇಲೆ ಬಿಟ್ಟಿತು, ಆದರೆ ಕಾಗದ ಇಬ್ಭಾಗವಾಗಿ ಸೀಳಿ ಅರ್ಧ ಮುಚ್ಚಳಕ್ಕೆ, ಅರ್ಧ ಗೂಡಿಗೆ ಕಚ್ಚಿಕೊಂಡಿತ್ತು. ಗ್ರೀಸು ಹಚ್ಚಿ ಕೂರಿಸಿದ್ದರೆ ವೀಳ್ಯದೆಲೆಯ ಹಾಗೆ ಇಡಿಯಾಗಿ ಎದ್ದು ಬರುತ್ತಿತ್ತು. ಬ್ಲೇಡು ಹಾಕಿದರೆ ಪುಡಿಯಾಗುತ್ತದೆ. ಬಿಸಿ ಮಾಡಿದರೆ ಅರಗು ಕರಗಿ ಕಾಗದಕ್ಕೇ ಇಳಿಯುತ್ತದೆ; ಶೆಲ್ಲಾಕನ್ನು ಬಿಡಿಸುವುದು ಸ್ಪಿರಿಟ್ ಮಾತ್ರ. ಬಾಲ್‌ಪೆನ್ನಿನ ಶಾಯಿ ಕರಗುವುದೂ ಸ್ಪಿರಿಟಿಗೇ. ಇದನ್ನು ಅವರಿಗೆ ಹೇಳಿದೆ.

"ಎರಡರಲ್ಲಿ ಯಾವುದು ಮಾಡಿದರೆ ಸ್ವಲ್ಪವಾದರೂ ಸಿಗ್ತದೆ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಮೂವತ್ತು ವರ್ಷದಲ್ಲಿ ಅಂಟಿನ ವಿಷಯದಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಹೇಳಿದವನಲ್ಲ ನಾನು. ಮೊದಲು ಹೊಸ ಬ್ಲೇಡಿನಿಂದ ಒಂದು ಮೂಲೆ ಎಬ್ಬಿಸಲು ನೋಡಿದೆ. ತೌಡಿನ ಹಾಗೆ ಉದುರಿತು. ಮತ್ತೆ ಹತ್ತಿಗೆ ಸ್ಪಿರಿಟ್ ಮುಟ್ಟಿಸಿ, ಅಂಚಿನಿಂದ, ಹನಿ ಹನಿಯಾಗಿ, ಉಸಿರು ಬಿಗಿಹಿಡಿದು ಒತ್ತಿದೆ. ಒಂದು ಕ್ಷಣ ಕಂದು ಬಣ್ಣದ ಕೆಳಗೆ ಅಕ್ಷರಗಳ ಸಾಲೊಂದು ಕಂಡಿತು, ಉಲ್ಟಾ. ಓದುವಷ್ಟರಲ್ಲಿ ಅದು ಹಬ್ಬಿ ನೀಲಿ ಕಲೆಯಾಯಿತು. ಹತ್ತಿ ನೀಲಿಯಾಯಿತು, ನನ್ನ ಬೆರಳು ನೀಲಿಯಾಯಿತು. ಅವರು ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದರು. ಇನ್ನು ಸಾಕು ಎಂದು ಅವರೇ ಹೇಳುವವರೆಗೆ ನಾನು ಒರಸುತ್ತಲೇ ಇದ್ದೆ.

ಆಮೇಲೆ ನಾನು ಗಾಡಿ ಕೆಲಸ ಮುಗಿಸಬೇಕಾಯಿತು, ಮಧ್ಯಾಹ್ನಕ್ಕೆ ಕೊಳ್ಳುವವರು ಬರುತ್ತಿದ್ದರು. ಡ್ರಾಯಿಂಗ್ ಶೀಟಿನಲ್ಲಿ ಇನ್ನೊಂದು ಬಳೆ ಕತ್ತರಿಸಿ ಕೂರಿಸಿದೆ, ನೀರು ತುಂಬಿಸಿದೆ, ಎಂಜಿನ್ ಚಾಲೂ ಮಾಡಿದೆ. ಅರ್ಧ ಗಂಟೆ ಓಡಿತು. ಎಲ್ಲೂ ಸೋರಲಿಲ್ಲ. ಎಂಜಿನ್ ಆಫ್ ಮಾಡಿದ ಮೇಲೆ, ಇನ್ನು ಕೇಳದಿದ್ದರೆ ಎಂದೂ ಕೇಳುವುದಿಲ್ಲವೆಂದು ಕೇಳಿಬಿಟ್ಟೆ. "ಅಕ್ಕ, ಅವನಿಗೆ ನನ್ನ ಮೇಲೆ ಕೋಪ ಇತ್ತಾ?"

ಅವರು ಕೈಯಲ್ಲಿದ್ದ ಅಂಚಿನ ತುಂಡನ್ನು ತಿರುಗಿಸಿ ನೋಡಿದರು.

"ಇದರಲ್ಲಿ ಎಂತ ಬರೆದಿದ್ರು ನನಗೆ ಗೊತ್ತಿಲ್ಲ. ಬರೆದದ್ದೇ ಗೊತ್ತಿರಲಿಲ್ಲ. ಕಾಗದ ಕಳಿಸಿದ್ದೇನೆ, ಅವ ಬರ್ತಾನೆ ಅಂತ ಹೇಳಿದ್ರು. ಆಗ ಅವರಿಗೆ ಹೋಟೆಲಿಗೆ ಹೋಗ್ಲಿಕ್ಕೆ ಆಗ್ತಿರಲಿಲ್ಲ. ಜಗಲಿಯಲ್ಲಿ ಚಯರ್ ಹಾಕಿ ಕೂರ್ತಿದ್ರು. ಗೇಟಿನ ಹತ್ತಿರ ಯಾವ ಗಾಡಿ ತಿರುಗಿದ್ರೂ ಅವನಾ ನೋಡು ಅಂತ ನನ್ನನ್ನು ಕಳಿಸ್ತಿದ್ರು. ಮದುವೆ ದಿವಸವೂ ಊಟದ ಪಂಕ್ತಿಯಲ್ಲಿ ನಿಮ್ಮನ್ನು ಹುಡುಕಿದ್ರು. ಬೈಯ್ಲಿಕ್ಕಾದ್ರೂ ಬರ್ತಾನೆ, ಸುಮ್ಮನೆ ಕೂರುವ ಜನ ಅಲ್ಲ ಅವ ಅಂತ ಇದ್ರು."

ನಾನು ನೀಲಿ ಹಿಡಿದ ಬೆರಳನ್ನು ಬಟ್ಟೆಯಿಂದ ಒರಸತೊಡಗಿದೆ.

"ಕೋಪ ಆಗ ಇರಲಿಲ್ಲ ಅಣ್ಣ. ಆಮೇಲೆ ಬಂತು. ಕೊನೇ ಸಲ ಆಸ್ಪತ್ರೆಗೆ ಹೊರಡುವಾಗ ಕಾರಿಗೆ ಹತ್ತಿಸಿದೆವಲ್ಲ, ಆಗ ನನ್ನ ಕೈ ಹಿಡಿದು ಹೇಳಿದ್ರು. ಇನ್ನು ಅವ ಬಂದ್ರೆ ಒಳಗೆ ಕರೀಬೇಡ, ಅಂತ. ನಾನು ಬೊಜ್ಜಕ್ಕೆ ನಿಮಗೆ ಹೇಳದೆ ಇದ್ದದ್ದು ಅದಕ್ಕೇ."

ಅಂಚಿನ ತುಂಡನ್ನೂ, ನಾನು ತುಳಿದಿದ್ದ ಗುಂಡು ತುಂಡನ್ನೂ ಅವರು ಸೆರಗಿನಿಂದ ಒರಸಿ ಪರ್ಸಿನಲ್ಲಿ ಇಟ್ಟುಕೊಂಡರು. ಒಂದನ್ನಾದರೂ ನನಗೆ ಕೊಡಿ ಎಂದು ಕೇಳಬೇಕೆಂದಿದ್ದೆ. ಆ ಕಾಗದ ಬರೆದದ್ದು ನನಗೆ. ಕೇಳಲಿಲ್ಲ; ಬಾನೆಟ್ ಮುಚ್ಚಿದೆ.